ಮಾತಾಡದ ರೋಗಿ

ವೈದ್ಯಕೀಯ ಪ್ರವೇಶ ಪರೀಕ್ಷೆಯ ಫಲಿತಾಂಶ ಹೊರಬಿದ್ದ ದಿನಗಳಲ್ಲಿ ರಾಜಾಜಿನಗರದಿಂದ ಕೆಂಗೇರಿಯವರೆಗೆ ಅನೇಕ ಮನೆಗಳಲ್ಲಿ ಬಂಧುಗಳ ಸಮಾಲೋಚನೆ ಆರಂಭವಾಗುತ್ತದೆ. ದಂತವೈದ್ಯ, ಔಷಧಶಾಸ್ತ್ರ, ಕೃಷಿ ಎಂದು ಒಂದೊಂದನ್ನೂ ತೂಗಿ ನೋಡಿದ ಬಳಿಕ ಹಿರಿಯರೊಬ್ಬರು, “ಏನೂ ಸಿಗದಿದ್ದರೆ ದನದ ಡಾಕ್ಟರಾದರೂ ಆಗಲಿ ಬಿಡಿ” ಎನ್ನುತ್ತಾರೆ. ಈ ‘ಆದರೂ’ ಎಂಬ ಮೂರಕ್ಷರ ಒಂದು ಶಾಸ್ತ್ರಕ್ಕೆ ಮಾಡುವ ಅವಮಾನವನ್ನು ನೂರು ಬೈಗುಳೂ ಮಾಡಲಾರದು.

ಆ ಶಾಸ್ತ್ರವಾದರೋ ನಮ್ಮ ನಾಡಿನಲ್ಲಿ ಸುಲಭವಾಗಿ ನೆಲೆಯೂರಿದ್ದಲ್ಲ. ಮುಂಬಯಿಯಲ್ಲಿ 1886ರಲ್ಲಿಯೂ ಮದರಾಸಿನಲ್ಲಿ 1903ರಲ್ಲಿಯೂ ಪಶುವೈದ್ಯ ವಿದ್ಯಾಲಯಗಳು ಹುಟ್ಟಿದವು. ಬೆಂಗಳೂರಿನ ಹೆಬ್ಬಾಳದಲ್ಲಿ ಅಂತಹ ಕಾಲೇಜು ತೆರೆದದ್ದು 1958ರಲ್ಲಿ. 1964ರಲ್ಲಿ ಸ್ಥಾಪನೆಗೊಂಡ ಕೃಷಿ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಅದು ಹಲವು ದಶಕ ಬೆಳೆಯಿತು. 2004ರ ಕಾಯಿದೆಯಿಂದ ಬೀದರಿನಲ್ಲಿ ಪಶುವೈದ್ಯಕೀಯಕ್ಕೆ ಪ್ರತ್ಯೇಕ ವಿಶ್ವವಿದ್ಯಾನಿಲಯ ರೂಪುಗೊಂಡ ಮೇಲೆ ಅದರ ಅಂಗವಾಯಿತು. ಇಂದು ಅಲ್ಲಿನ ಪದವಿಗೆ ಐದೂವರೆ ವರ್ಷ. ಕೊನೆಯ ಒಂದು ವರ್ಷ ಪ್ರತ್ಯಕ್ಷ ಸೇವೆಯ ತರಬೇತಿ. ಮನುಷ್ಯರ ವೈದ್ಯನಾಗಲು ಹಿಡಿಯುವ ಕಾಲವೂ ಇಷ್ಟೇ.

ಆದರೆ ಕಲಿಯುವ ದೇಹಗಳು ಮಾತ್ರ ಒಂದೇ ಅಲ್ಲ. ಹಸುವಿನ ಹೊಟ್ಟೆಗೆ ನಾಲ್ಕು ಕೋಣೆಗಳು, ಕುದುರೆಯದಕ್ಕೆ ಒಂದೇ. ಹಸುವಿಗೆ ಮೇಲ್ದವಡೆಯಲ್ಲಿ ಮುಂಬಲ್ಲುಗಳೇ ಇಲ್ಲ. ನಾಯಿ ಸಲೀಸಾಗಿ ವಾಂತಿ ಮಾಡುತ್ತದೆ. ಕುದುರೆಗೆ ಅದು ಅಸಾಧ್ಯವೆನ್ನಬಹುದು, ಆದ್ದರಿಂದಲೇ ಅದರ ಹೊಟ್ಟೆನೋವು ಪ್ರಾಣಾಂತಿಕವಾಗಬಲ್ಲುದು. ಒಂದಕ್ಕೆ ಅಮೃತವಾದ ಮದ್ದು ಇನ್ನೊಂದಕ್ಕೆ ವಿಷವಾದೀತು. ಇಷ್ಟೆಲ್ಲ ತಿಳಿದರೂ ರೋಗಿ ತನ್ನ ನೋವನ್ನು ಹೇಳುವುದಿಲ್ಲ. ಈ ವಿದ್ಯೆಯ ನಿಜವಾದ ಕಷ್ಟವೂ ಹಿರಿಮೆಯೂ ಇಲ್ಲಿದೆ.

ಇದರ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಕೇತಮಾರನಹಳ್ಳಿ, ಸಾಣೇಗುರುವನಹಳ್ಳಿ, ಹೊಸಹಳ್ಳಿ ಮುಂತಾದ ಊರುಗಳು ಬಡಾವಣೆಗಳ ಹೊಟ್ಟೆಯೊಳಗೆ ಸೇರಿಹೋದರೂ ಪಶ್ಚಿಮ ಬೆಂಗಳೂರಿನ ಓಣಿಗಳಿಂದ ಹಸು ಪೂರ್ತಿಯಾಗಿ ಮರೆಯಾಗಿಲ್ಲ. ಹುಲ್ಲುಗಾವಲು ಹೋಯಿತು, ಕಸದ ರಾಶಿ ಬಂದಿತು. ಮಿಕ್ಕ ಅನ್ನವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ಎಸೆದರೆ ಹಸು ಗಂಟನ್ನು ಬಿಚ್ಚಲಾರದು, ಚೀಲಸಹಿತ ನುಂಗುತ್ತದೆ. 100 ಲೀಟರಿಗೂ ಮಿಕ್ಕಿ ಹಿಡಿಯಬಲ್ಲ ಮೊದಲನೆಯ ಕೋಣೆಯಲ್ಲಿ ಚೀಲಗಳು ಸೇರಿ, ಹೆಣೆದು, ಕಗ್ಗಂಟಾಗುತ್ತವೆ. ಹೊಟ್ಟೆ ತುಂಬಿದಂತೆ ಕಾಣುವ ಹಸು ಹಸಿವಿನಿಂದ ಸೊರಗುತ್ತದೆ.

ಇನ್ನು ಮೊಳೆಯೋ ತಂತಿಯ ಚೂರೋ ಮೇವಿನೊಡನೆ ಒಳಹೋದರೆ ಜೇನುಹಟ್ಟಿಯಂತಿರುವ ಎರಡನೆಯ ಕೋಣೆಯಲ್ಲಿ ತಂಗುತ್ತದೆ. ಅದರ ಮುಂದೆ ವಪೆ, ವಪೆಯ ಆಚೆಗೆ ಹೃದಯ! ತಂತಿ ಗೋಡೆಯನ್ನು ಚುಚ್ಚಿ ಮುಂದೆ ಸರಿದಾಗ ಹಸು ಕೂಗುವುದಿಲ್ಲ. ಬೆನ್ನು ಬಾಗಿಸಿ, ಮುಂಗಾಲುಗಳ ಮೊಣಕೈಯನ್ನು ಮೈಯಿಂದ ದೂರವಿಟ್ಟು ನಿಲ್ಲುತ್ತದೆ, ಇಳಿಜಾರಿನಲ್ಲಿ ನಡೆಯಲು ಹಿಂಜರಿಯುತ್ತದೆ, ಮೆಲುಕು ನಿಲ್ಲಿಸುತ್ತದೆ. ಹೆಗಲ ಹಿಂದೆ ಬೆನ್ನನ್ನು ಚಿವುಟಿದರೆ ಆರೋಗ್ಯವಂತ ಹಸು ಬೆನ್ನು ತಗ್ಗಿಸುತ್ತದೆ, ನೋವಿರುವ ಹಸು ತಗ್ಗಿಸಲೊಲ್ಲದು. ಇವೇ ಅದರ ಮಾತು. ಈ ಭಾಷೆಯನ್ನು ಓದಬಲ್ಲವನಿಗೆ ಹೊಟ್ಟೆ ಕೊಯ್ದು ತಂತಿ ತೆಗೆಯುವಷ್ಟು ಸಮಯ ಸಿಕ್ಕೀತು. ಓದಲಾರದವನು ಅಜೀರ್ಣವೆಂದು ಪುಡಿ ಕೊಟ್ಟು ಹೋಗುತ್ತಾನೆ. ಒಂದೇ ಹಸುವಿನ ಹಾಲಿನಿಂದ ಮಕ್ಕಳ ಶಾಲೆಯ ಶುಲ್ಕ ಹೊಂದಿಸುವ ತಾಯಿಗೆ ಈ ಎರಡು ಬಗೆಯ ವೈದ್ಯರ ನಡುವಣ ಅಂತರ ಎಷ್ಟೆಂದು ಬೇರೆ ಹೇಳಬೇಕೆ?

ಹಸು ಸಾಕದವರಿಗೂ ಈ ವಿದ್ಯೆಯ ಋಣವಿದೆ. ಹಟ್ಟಿಗೆ ಹಟ್ಟಿಯನ್ನೇ ಬರಿದುಮಾಡುತ್ತಿದ್ದ ದೊಡ್ಡರೋಗವು ಜಗತ್ತಿನಿಂದ ಅಳಿಯಿತೆಂದು 2011ರಲ್ಲಿ ಘೋಷಣೆಯಾಯಿತು. ಸಿಡುಬಿನ ತರುವಾಯ ಮನುಷ್ಯನು ಬೇರುಸಹಿತ ಕಿತ್ತೊಗೆದ ಎರಡನೆಯ ರೋಗ ಅದು. ಲಸಿಕೆಯ ಪೆಟ್ಟಿಗೆಯನ್ನು ಹೊತ್ತು ಊರೂರು ಅಲೆದ ಪಶುವೈದ್ಯರ ಹೆಸರನ್ನು ಯಾವ ಬಡಾವಣೆಯವರೂ ತಮ್ಮ ರಸ್ತೆಗೆ ಇಟ್ಟುಕೊಂಡಂತಿಲ್ಲ! ಹುಚ್ಚುನಾಯಿಯ ರೋಗವನ್ನು ತಡೆಯುವ ಚುಚ್ಚುಮದ್ದು ಮೊದಲು ಸೇರಬೇಕಾದದ್ದು ನಾಯಿಯ ಮೈಗೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯ ಮುನ್ಸೂಚನೆ ಕೊಟ್ಟದ್ದೂ ಸತ್ತು ಬಿದ್ದ ಮಂಗಗಳೇ. ಪ್ರಾಣಿಯ ಆರೋಗ್ಯ ಮನುಷ್ಯನ ಮನೆಯ ಹೊರಬೇಲಿ. ಅದು ಮುರಿದರೆ ಒಳಗಿನವರು ಉಳಿಯಲಾರರು.

ರೈತರ ಮಕ್ಕಳಿಗೆ ಈ ಕಾಲೇಜುಗಳಲ್ಲಿ ಮೀಸಲಾದ ಪಾಲಿರುವುದು ನ್ಯಾಯವೇ ಸರಿ. ಹಸುವಿನ ಭಾಷೆಯ ಅಕ್ಷರಾಭ್ಯಾಸ ಅವರಿಗೆ ಕೊಟ್ಟಿಗೆಯಲ್ಲೇ ಆಗಿರುತ್ತದೆ. ಹಾಲನ್ನು ಪೊಟ್ಟಣದಲ್ಲಷ್ಟೇ ಕಂಡ ನಗರದ ಮಕ್ಕಳೂ ಕಲಿಯಬಲ್ಲರು. ಸೆಗಣಿಗೆ ಮೂಗು ಮುಚ್ಚದಿದ್ದರೆ ಆಯಿತು. ಮುಂದೆ ಬಸವೇಶ್ವರನಗರದಲ್ಲಿ ನಾಯಿ ಬೆಕ್ಕುಗಳ ಚಿಕಿತ್ಸಾಲಯ ತೆರೆದರೂ ತಪ್ಪಿಲ್ಲ, ಅವೂ ಮಾತಾಡದ ರೋಗಿಗಳೇ. ಆದರೆ ನಾಡಿನ ತೆರಿಗೆಯಿಂದ ನಡೆಯುವ ವಿದ್ಯಾಲಯದಲ್ಲಿ ಕಲಿತವರೆಲ್ಲ ಪಟ್ಟಣದಲ್ಲೇ ನಿಂತುಬಿಟ್ಟರೆ, ನಡುರಾತ್ರಿ ಕರು ಹೊರಬಾರದೆ ನರಳುವ ಹಳ್ಳಿಯ ಹಸುವಿನ ಬಳಿಗೆ ಹೋಗುವವರಾರು?

ಆದ್ದರಿಂದ ಮಗನನ್ನೋ ಮಗಳನ್ನೋ ಈ ಓದಿಗೆ ಕಳುಹಿಸುವ ಮುನ್ನ ತಂದೆತಾಯಿಗಳು ಅಂಕಪಟ್ಟಿಯ ಜೊತೆಗೆ ಇನ್ನೊಂದು ಪರೀಕ್ಷೆಯನ್ನೂ ಮಾಡಲಿ. ಸಮೀಪದ ಕೊಟ್ಟಿಗೆಯೊಂದಕ್ಕೆ ಬೆಳಗಿನ ಜಾವ ಕರೆದೊಯ್ದು ಅರ್ಧ ಗಂಟೆ ನಿಲ್ಲಿಸಲಿ. ಗಡಿಯಾರದ ಕಡೆಗೆ ಕಣ್ಣು ಹಾಯಿಸದೆ, ಹಸು ಮೆಲುಕು ಹಾಕುವುದನ್ನೇ ನೋಡುತ್ತ ನಿಂತ ಮಗು ಆ ಓದಿಗೆ ಅರ್ಹವೆಂದು ತಿಳಿಯಬಹುದು.