ಅಂಗಾಲನ್ನೂ ತಿರುಗಿಸಿ ನೋಡಿ
ಬಿಸಿಲಿಗೆ ಮೈಯೊಡ್ಡಿ ಕಂದುಬಣ್ಣ ತರಿಸಿಕೊಳ್ಳುವುದೇ ಚೆಂದ ಎಂದು ನಂಬಿದ್ದ ಆಸ್ಟ್ರೇಲಿಯಾ ಆ ನಂಬಿಕೆಗೆ ದೊಡ್ಡ ಬೆಲೆ ತೆತ್ತಿದೆ. 70 ತುಂಬುವುದರೊಳಗೆ ಅಲ್ಲಿನ ಮೂವರಲ್ಲಿ ಇಬ್ಬರಿಗೆ ಒಂದಲ್ಲ ಒಂದು ಬಗೆಯ ಚರ್ಮದ ಕ್ಯಾನ್ಸರ್ ಬರುತ್ತದೆಂಬ ಅಂದಾಜಿದೆ. 1981ರಲ್ಲಿ ಸಿಡ್ ಎಂಬ ಕಾರ್ಟೂನ್ ಕಡಲಹಕ್ಕಿ ಟಿವಿಯಲ್ಲಿ ಕುಣಿಯುತ್ತ, ಅಂಗಿ ತೊಡಿ, ಸನ್‌ಸ್ಕ್ರೀನ್ ಬಳಿದುಕೊಳ್ಳಿ, ಟೋಪಿ ಹಾಕಿ ಎಂದು ಹಾಡತೊಡಗಿತು. ಆದರೂ ಅತಿನೇರಳೆ ದೀಪಗಳಡಿ ಮಲಗಿಸಿ ದುಡ್ಡಿಗೆ ಬಣ್ಣ ಮಾರುವ ಸೋಲಾರಿಯಂಗಳು ತೆರೆದೇ ಇದ್ದವು. ಅವುಗಳ ಬಾಗಿಲು ಮುಚ್ಚಿಸಿದ್ದರಲ್ಲಿ ಕ್ಲೇರ್ ಆಲಿವರ್ ಎಂಬ ಯುವತಿಯ ಪಾಲು ದೊಡ್ಡದು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ನಿಂದ ನರಳುತ್ತಲೇ, ಈ ಚಟ ಬೇಡ ಎಂದು ಆಕೆ ದೇಶಕ್ಕೆಲ್ಲ ಕೇಳುವಂತೆ ಹೇಳಿದರು. 2007ರಲ್ಲಿ, ಬರೀ 26ನೆಯ ವಯಸ್ಸಿನಲ್ಲಿ, ತೀರಿಕೊಂಡರು. 2015ರ ಹೊತ್ತಿಗೆ ಬಹುತೇಕ ರಾಜ್ಯಗಳು ಸೋಲಾರಿಯಂ ದಂಧೆಯನ್ನು ನಿಷೇಧಿಸಿದ್ದವು. ಮೆಲ್ಬರ್ನ್, ಸಿಡ್ನಿಗಳಲ್ಲಿರುವ ನಮ್ಮ ಕನ್ನಡಿಗರಿಗೆ ಮಾತ್ರ ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬಿಸಿಲಿನಿಂದ ಕಾಪಾಡುವುದು ನಿಜ, ಈ ರೋಗ ನಮ್ಮಲ್ಲಿ ಅಪರೂಪವೂ ಹೌದು. ಆದರೆ ಕಪ್ಪು, ಕಂದು ಮೈಯವರಿಗೆ ಮೆಲನೋಮಾ ಬಂದಾಗ ಅದು ಹೆಚ್ಚಾಗಿ ಬಿಸಿಲೇ ತಾಗದ ಅಂಗಾಲಲ್ಲಿ, ಅಂಗೈಯಲ್ಲಿ, ಉಗುರಿನಡಿಯಲ್ಲಿ ಹುಟ್ಟುತ್ತದೆ. ಯಾರೂ ಅಲ್ಲಿ ನೋಡುವುದಿಲ್ಲ. ಗಾಯಕ ಬಾಬ್ ಮಾರ್ಲಿಯನ್ನು 36ನೆಯ ವಯಸ್ಸಿಗೇ ಕೊಂಡೊಯ್ದದ್ದು ಕಾಲ್ಬೆರಳಿನ ಉಗುರಿನಡಿಯ ಮೆಲನೋಮಾ. ತಿಂಗಳಿಗೊಮ್ಮೆ ಸ್ನಾನವಾದ ಮೇಲೆ ಪಾದ ತಿರುಗಿಸಿ ನೋಡಿಕೊಳ್ಳಿ, ಬೆನ್ನನ್ನು ಮನೆಯವರಿಗೆ ತೋರಿಸಿ. ರೂಪ ಬದಲಿಸುತ್ತಿರುವ ಮಚ್ಚೆ, ಉಗುರಿನಲ್ಲಿ ಅಗಲವಾಗುತ್ತಿರುವ ಕಪ್ಪು ಗೆರೆ, ಮಾಯದ ಹುಣ್ಣು ಕಂಡರೆ ಮುಲಾಮು ಹಚ್ಚುತ್ತ ಕಾಯದೆ ಚರ್ಮವೈದ್ಯರ ಬಳಿ ಹೋಗಿ. ಮೇಲ್ಪದರದಲ್ಲಿದ್ದಾಗಲೇ ಸಿಕ್ಕಿದ ಮೆಲನೋಮಾವನ್ನು ಸಾಮಾನ್ಯವಾಗಿ ಸಣ್ಣ ಶಸ್ತ್ರಚಿಕಿತ್ಸೆಯಲ್ಲೇ ಪೂರ್ತಿ ತೆಗೆದುಹಾಕಬಹುದು.