ನಿಮ್ಮ ಮೇಷ್ಟ್ರಿಗೂ ಒಂದು ತರಗತಿ ಬೇಕು

'ನಾಳೆ ವಿಜ್ಞಾನದ ಮೇಷ್ಟ್ರು ತರಬೇತಿಗೆ ಹೋಗ್ತಾರಂತೆ' ಎಂಬ ಸುದ್ದಿ ಬಂದರೆ ಏಳನೇ ತರಗತಿಯಲ್ಲಿ ಏನಾಗುತ್ತದೆ ಎಂಬುದು ನಿಮಗೇ ಗೊತ್ತು. ಒಂದು ಪೀರಿಯಡ್ ಖಾಲಿ, ಆಟಕ್ಕೆ ಬಿಟ್ಟರೂ ಬಿಡಬಹುದು ಎಂಬ ಖುಷಿ. ಮನೆಯಲ್ಲಿ ಹೇಳಿದರೆ ಅಲ್ಲಿ ಯಾರಿಗೂ ಖುಷಿಯಿಲ್ಲ. 'ಹದಿನೈದು ವರ್ಷದಿಂದ ಪಾಠ ಮಾಡೋರಿಗೆ ಇನ್ನೆಂಥ ತರಬೇತಿ? ಅವರು ಕಲಿಯೋದು ಇನ್ನೂ ಮುಗಿದಿಲ್ವಾ?' ಎಂದು ಅಪ್ಪನೋ ಅಜ್ಜನೋ ಗೊಣಗುತ್ತಾರೆ.

ಮಕ್ಕಳೇ, ಮುಗಿದಿಲ್ಲ ಎಂಬುದೇ ನನ್ನ ಉತ್ತರ. ವಿಜ್ಞಾನ ಕಲಿಸುವವರಿಗೆ ತಿಂಗಳಿಗೊಮ್ಮೆಯಾದರೂ ತಮ್ಮದೇ ಆದ ಒಂದು ತರಗತಿ ಬೇಕು. ಆ ತರಗತಿಗೆ ನಿಮ್ಮ ಪ್ರಶ್ನೆಗಳೂ ಹೋಗಬೇಕು. ಏಕೆ ಎಂದು ಹೇಳುತ್ತೇನೆ. ಒಪ್ಪಿಗೆಯಾಗದಿದ್ದರೆ ನಿಮ್ಮ ಮೇಷ್ಟ್ರ ಜೊತೆ, ಮಿಸ್ ಜೊತೆ ಕೂತು ವಾದ ಮಾಡಿ.

ಮೊದಲ ಕಾರಣ ಎಲ್ಲರಿಗೂ ತಿಳಿದದ್ದೇ. ವಿಜ್ಞಾನ ಬದಲಾಗುತ್ತಲೇ ಇರುತ್ತದೆ. ನಿಮ್ಮ ಅಪ್ಪ ಅಮ್ಮ ಶಾಲೆಯಲ್ಲಿದ್ದಾಗ ಗ್ರಹಗಳು ಒಂಬತ್ತು. 1930ರಲ್ಲಿ ಪತ್ತೆಯಾದ ಪ್ಲೂಟೊವನ್ನು 2006ರ ಆಗಸ್ಟ್ 24ರಂದು ಖಗೋಳ ವಿಜ್ಞಾನಿಗಳು ಗ್ರಹಗಳ ಪಟ್ಟಿಯಿಂದ ಕೈಬಿಟ್ಟು ಕುಬ್ಜ ಗ್ರಹ ಎಂದು ಕರೆದರು. ಕಿಲೋಗ್ರಾಂ ಎಂದರೆ ಏನು ಎಂಬುದೂ ಬದಲಾಗಿದೆ! 1889ರಿಂದ ಪ್ಯಾರಿಸ್ ಬಳಿ ಭದ್ರವಾಗಿ ಇಟ್ಟಿದ್ದ ಪ್ಲಾಟಿನಂ–ಇರಿಡಿಯಂ ಲೋಹದ ಒಂದು ಪುಟ್ಟ ಉರುಳೆಯೇ ಇಡೀ ಜಗತ್ತಿಗೆ ಕಿಲೋಗ್ರಾಂ ಆಗಿತ್ತು. 2019ರ ಮೇ 20ರಿಂದ ಆ ಉರುಳೆಗೆ ಆ ಕೆಲಸವಿಲ್ಲ. ಪ್ಲಾಂಕ್ ಸ್ಥಿರಾಂಕ ಎಂಬ, ಎಂದೂ ಬದಲಾಗದ ಒಂದು ಸಂಖ್ಯೆಯ ಆಧಾರದ ಮೇಲೆ ಕಿಲೋಗ್ರಾಂ ನಿಂತಿದೆ. (ಹೆದರಬೇಡಿ, ಅಂಗಡಿಯ ಅಕ್ಕಿಯ ತೂಕ ಹಾಗೆಯೇ ಇದೆ.) ಇನ್ನು ಶನಿಗ್ರಹದ ಕತೆ ಕೇಳಿ. 2025ರ ಮಾರ್ಚ್‌ನಲ್ಲಿ ಒಂದೇ ಬಾರಿಗೆ 128 ಹೊಸ ಉಪಗ್ರಹಗಳು ಅದರ ಲೆಕ್ಕಕ್ಕೆ ಸೇರಿ ಒಟ್ಟು 274 ಆದವು. ಯಾವ ಪಠ್ಯಪುಸ್ತಕ ಇಷ್ಟು ಬೇಗ ಓಡೀತು?

ಆದರೆ ಇಂಥ ಸುದ್ದಿ ತಿಳಿಯಲು ಸಭೆ ಬೇಕಿಲ್ಲ. ದಿನಪತ್ರಿಕೆ ಇದೆ, ಫೋನಿದೆ. ನಿಜವಾದ ಕಷ್ಟ ಇರುವುದು ಹೊಸ ಸುದ್ದಿಯಲ್ಲಲ್ಲ, ಹಳೆಯ ಪಾಠದ ಒಳಗೇ.

ಒಂದು ಪ್ರಯೋಗ ನೋಡೋಣ. ತಟ್ಟೆಯ ನಡುವೆ ಮೇಣದಬತ್ತಿ ನಿಲ್ಲಿಸಿ, ಸುತ್ತ ನೀರು ಹಾಕಿ, ಬತ್ತಿ ಹಚ್ಚಿ, ಮೇಲೆ ಗಾಜಿನ ಲೋಟವನ್ನು ಬೋರಲು ಹಾಕುವುದು. ಸ್ವಲ್ಪ ಹೊತ್ತಿನಲ್ಲಿ ದೀಪ ಆರುತ್ತದೆ, ನೀರು ಲೋಟದೊಳಕ್ಕೆ ಏರುತ್ತದೆ. ಏಕೆ ಏರಿತು? 'ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕ. ಅದು ಉರಿದು ಖರ್ಚಾಯಿತು, ಆ ಜಾಗಕ್ಕೆ ನೀರು ಬಂತು' ಎಂಬ ಉತ್ತರವನ್ನು ಎಷ್ಟೋ ಗೈಡುಗಳಲ್ಲಿ ಓದಬಹುದು. ಕೇಳಲು ಚೆನ್ನಾಗಿದೆ, ಪರೀಕ್ಷೆಯಲ್ಲಿ ಬರೆಯಲೂ ಸುಲಭ.

ಈಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, 'ಸಾರ್, ದೀಪ ಉರಿಯುವಾಗ ನೀರು ಸುಮ್ಮನೇ ಇತ್ತು. ಆರಿದ ಮೇಲೆ ಸರ್ರನೆ ಏರಿತು. ಆಮ್ಲಜನಕ ನಿಧಾನವಾಗಿ ಖರ್ಚಾಗಿದ್ದರೆ ನೀರೂ ನಿಧಾನವಾಗಿ ಏರಬೇಕಿತ್ತಲ್ಲ?' ಎಂದು ಕೇಳಿದಳು ಎನ್ನಿ. ಎಂಥ ಪ್ರಶ್ನೆ! ಗೈಡಿನ ಉತ್ತರ ಅಲ್ಲೇ ಅಲುಗಾಡುತ್ತದೆ.

ಅವಳದು ಸರಿಯಾದ ಅನುಮಾನ. ಆಮ್ಲಜನಕ ಖರ್ಚಾಗುವುದು ನಿಜ. ಆದರೆ ಪೂರ್ತಿ ಖಾಲಿಯಾಗುವುದಿಲ್ಲ. ದೀಪ ಆರಿದಾಗಲೂ ಹೆಚ್ಚಿನ ಪಾಲು ಲೋಟದೊಳಗೇ ಉಳಿದಿರುತ್ತದೆ. ಖರ್ಚಾದ ಆಮ್ಲಜನಕದ ಬದಲಿಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹುಟ್ಟುತ್ತವೆ. ಹಾಗಾದರೆ ನೀರನ್ನು ಏರಿಸಿದ್ದು ಯಾವುದು? ಮುಖ್ಯವಾಗಿ ಶಾಖ. ಬತ್ತಿಯ ಬಿಸಿಗೆ ಗಾಳಿ ಹಿಗ್ಗುತ್ತದೆ. ಲೋಟ ಬೋರಲು ಹಾಕುವಾಗ ಒಳಗೆ ಸಿಕ್ಕುವುದು ಹಾಗೆ ಹಿಗ್ಗಿದ ಗಾಳಿ. ಕೆಲವು ಸಲ ಲೋಟದ ಅಂಚಿನಿಂದ ಗುಳ್ಳೆಗಳು ಹೊರಬರುವುದನ್ನೂ ನೋಡಬಹುದು. ದೀಪ ಆರಿದ ಮೇಲೆ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ನೀರಾವಿಯೂ ಹನಿಯಾಗುತ್ತದೆ. ಒಳಗಿನ ಒತ್ತಡ ಕಡಿಮೆಯಾಗಿ ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಕ್ಕೆ ತಳ್ಳುತ್ತದೆ.

ನಂಬಿಕೆ ಬರಲಿಲ್ಲವೇ? ಅದೇ ಲೋಟ, ಅದೇ ತಟ್ಟೆ ಇಟ್ಟುಕೊಂಡು ಒಂದರ ಬದಲು ಮೂರು ಮೇಣದಬತ್ತಿ ಹಚ್ಚಿ ನೋಡಿ. ಲೋಟದಲ್ಲಿರುವ ಆಮ್ಲಜನಕವೇನೂ ಹೆಚ್ಚಿಲ್ಲ. ಆದರೂ ನೀರು ಮೊದಲಿಗಿಂತ ಮೇಲಕ್ಕೆ ಏರುತ್ತದೆ. (ಬೆಂಕಿಯ ಕೆಲಸ, ಮೇಷ್ಟ್ರು ಎದುರಿಗೆ ಇರುವಾಗಲೇ ಮಾಡಿ.)

ಇಲ್ಲಿ ಮೇಷ್ಟ್ರ ಸ್ಥಿತಿಯನ್ನು ಸ್ವಲ್ಪ ಯೋಚಿಸಿ. ನಿಮಗೆ ಒಂದು ಲೆಕ್ಕ ಬಾರದಿದ್ದರೆ ಪಕ್ಕದವನನ್ನು ಕೇಳುತ್ತೀರಿ, ಅಕ್ಕನನ್ನು ಕೇಳುತ್ತೀರಿ, ಕೊನೆಗೆ ಮೇಷ್ಟ್ರನ್ನೇ ಕೇಳುತ್ತೀರಿ. ಮೇಷ್ಟ್ರು ಯಾರನ್ನು ಕೇಳಬೇಕು? ಹಳ್ಳಿಯ ಎಷ್ಟೋ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಗಣಿತಕ್ಕೂ ವಿಜ್ಞಾನಕ್ಕೂ ಒಬ್ಬರೇ. ಪದವಿಯಲ್ಲಿ ಸಸ್ಯಶಾಸ್ತ್ರ ಓದಿದವರು ವಿದ್ಯುತ್ತಿನ ಪಾಠವನ್ನೂ ಮಾಡಬೇಕು, ಭೌತಶಾಸ್ತ್ರ ಓದಿದವರು ಹೂವಿನ ಭಾಗಗಳನ್ನೂ ಬಿಡಿಸಿ ತೋರಿಸಬೇಕು. ನೀವು ಮುಂದೆ ಹೈಸ್ಕೂಲಿಗೆ ಹೋದಾಗಲೂ ಅಲ್ಲಿನ ವಿಜ್ಞಾನ ಶಿಕ್ಷಕರ ಕತೆ ಇದಕ್ಕಿಂತ ತೀರಾ ಬೇರೆಯಾಗಿರುವುದಿಲ್ಲ. ಸ್ಟಾಫ್ ರೂಮಿನಲ್ಲಿ ಮೇಣದಬತ್ತಿಯ ಬಗ್ಗೆ ಮಾತನಾಡಲು ಮತ್ತೊಬ್ಬರು ಸಿಗಬೇಕಲ್ಲ! ಆ ಹುಡುಗಿಯ ಪ್ರಶ್ನೆ ಅಲ್ಲೇ ಬಿದ್ದುಹೋಗುತ್ತದೆ.

ಇದಕ್ಕೆ ದಾರಿ ಇದೆ. ನಮ್ಮ ದೇಶದಲ್ಲೇ ಮಾಡಿ ತೋರಿಸಿದ್ದಾರೆ. ಮಧ್ಯಪ್ರದೇಶದಲ್ಲಿ ನರ್ಮದಾ ನದಿಯ ದಡದಲ್ಲಿ ಹೋಶಂಗಾಬಾದ್ ಎಂಬ ಜಿಲ್ಲೆ ಇತ್ತು; ಈಗ ಅದರ ಹೆಸರು ನರ್ಮದಾಪುರಂ. 1972ರಲ್ಲಿ ಅಲ್ಲಿಯ 16 ಸರ್ಕಾರಿ ಶಾಲೆಗಳಲ್ಲಿ, ನಿಮ್ಮ ವಯಸ್ಸಿನ ಮಕ್ಕಳಿಗೇ, ಹೊಸ ರೀತಿಯ ವಿಜ್ಞಾನ ಬೋಧನೆ ಶುರುವಾಯಿತು. ಕಿಶೋರ್ ಭಾರತಿ, ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಕೈಹಾಕಿದವು. ಮುಂಬೈ, ದೆಹಲಿಗಳ ದೊಡ್ಡ ಸಂಸ್ಥೆಗಳಿಂದ ವಿಜ್ಞಾನಿಗಳು ಬಂದು ಹಳ್ಳಿಯ ಮೇಷ್ಟ್ರುಗಳ ಜೊತೆ ನೆಲದ ಮೇಲೆ ಕೂತು ಪ್ರಯೋಗ ಮಾಡಿದರು. 1978ರಲ್ಲಿ ಇದು ಇಡೀ ಜಿಲ್ಲೆಗೆ ಹಬ್ಬಿತು. ಮುಂದೆ 1982ರಲ್ಲಿ ಹುಟ್ಟಿದ ಏಕಲವ್ಯ ಎಂಬ ಸಂಸ್ಥೆ ಇದನ್ನು ವಹಿಸಿಕೊಂಡಿತು.

ಅಲ್ಲಿನ ಶಿಕ್ಷಕರಿಗೆ ಬೇಸಿಗೆಯಲ್ಲಿ ದೀರ್ಘ ತರಬೇತಿ. ಮಕ್ಕಳು ಮಾಡುವ ಪ್ರತಿ ಪ್ರಯೋಗವನ್ನೂ ಮೊದಲು ತಾವೇ ಮಾಡಬೇಕು. ಶಾಲೆ ಶುರುವಾದ ಮೇಲೆ ಪ್ರತಿ ತಿಂಗಳೂ ಸುತ್ತಮುತ್ತಲ ಶಾಲೆಗಳ ಶಿಕ್ಷಕರೆಲ್ಲ ಒಂದು ಕಡೆ ಸೇರುವರು. ಯಾವ ಪ್ರಯೋಗ ಕೈಕೊಟ್ಟಿತು, ಮಕ್ಕಳು ಏನು ಕೇಳಿದರು ಎಂಬುದರ ಮೇಲೆಯೇ ಮಾತು. ಶಿಕ್ಷಕರು ಹೇಳಿದ್ದನ್ನು ಕೇಳಿಕೊಂಡು ಅವರ 'ಬಾಲ ವೈಜ್ಞಾನಿಕ್' ಎಂಬ ಪುಸ್ತಕವನ್ನೇ ತಿದ್ದಿ ಮತ್ತೆ ಬರೆದರು. ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ತ್ರಿಕೋನ, ಚೌಕ, ಮನೆ ಮಾಡುತ್ತೀರಲ್ಲ? ಅರವಿಂದ ಗುಪ್ತಾ ಎಂಬ ಎಂಜಿನಿಯರ್ ಅದನ್ನು ರೂಪಿಸಿದ್ದು 1978ರಲ್ಲಿ ಇದೇ ಹೋಶಂಗಾಬಾದಿಗೆ ಬಂದಿದ್ದಾಗ.

ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಸವಾಲೀರಾಮ್. ಹಿಂದಿಯಲ್ಲಿ ಸವಾಲ್ ಎಂದರೆ ಪ್ರಶ್ನೆ, ನಮ್ಮ ಕನ್ನಡದ ಸವಾಲು ಅಲ್ಲ. ಸವಾಲೀರಾಮ್ ಎಂಬ ಮನುಷ್ಯ ಎಲ್ಲೂ ಇರಲಿಲ್ಲ! ಅದು ಕಟ್ಟಿಕೊಂಡ ಹೆಸರು. ಉತ್ತರ ಸಿಗದ ಪ್ರಶ್ನೆಗಳನ್ನು ಮಕ್ಕಳು ಅವನಿಗೆ ಪತ್ರದಲ್ಲಿ ಬರೆಯುತ್ತಿದ್ದರು. ಆ ಹೆಸರಿನ ಹಿಂದಿದ್ದವರು ಹುಡುಕಿ, ವಿಚಾರಿಸಿ, ಉತ್ತರ ಬರೆದು ಅಂಚೆಗೆ ಹಾಕುತ್ತಿದ್ದರು. ಮೇಷ್ಟ್ರಿಗೆ ಉತ್ತರ ಗೊತ್ತಿಲ್ಲದಿದ್ದರೆ ಅದೇನೂ ಅವಮಾನವಲ್ಲ, ಪ್ರಶ್ನೆಗೆ ಹೋಗಲು ಇನ್ನೊಂದು ವಿಳಾಸವಿತ್ತು.

ಸುಮಾರು 15 ಜಿಲ್ಲೆಗಳಿಗೆ, ಸಾವಿರದಷ್ಟು ಶಾಲೆಗಳಿಗೆ ಮುಟ್ಟಿದ ಈ ಕಾರ್ಯಕ್ರಮವನ್ನು ಅಲ್ಲಿಯ ಸರ್ಕಾರ 2002ರಲ್ಲಿ ನಿಲ್ಲಿಸಿತು. ಅನೇಕ ಶಿಕ್ಷಕರು, ವಿಜ್ಞಾನಿಗಳು ಬೇಡವೆಂದರೂ ನಿಂತೇಹೋಯಿತು. ಮೂವತ್ತು ವರ್ಷ ನಡೆದದ್ದು ಒಂದು ಆದೇಶಕ್ಕೆ ನಿಂತಿತು ಎಂಬುದು ನನಗೆ ಈಗಲೂ ಬೇಸರ ತರುವ ವಿಷಯ.

ನಮ್ಮ ಕರ್ನಾಟಕಕ್ಕೆ ಬರೋಣ. ನಮ್ಮಲ್ಲಿ ಓದಲು ಏನೂ ಇಲ್ಲ ಎನ್ನುವಂತಿಲ್ಲ. 'ಬಾಲವಿಜ್ಞಾನ' ಮಾಸಪತ್ರಿಕೆ 1978ರಲ್ಲೇ ಶುರುವಾಯಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2015ರಲ್ಲಿ ವಿಜ್ಞಾನ ಶಿಕ್ಷಕರಿಗಾಗಿಯೇ 'ಐ ವಂಡರ್' ಎಂಬ ಪತ್ರಿಕೆ ತಂದಿತು. ಆದರೆ ಪತ್ರಿಕೆ ನಿಮ್ಮ ಜೊತೆ ಕೂತು ಮೇಣದಬತ್ತಿ ಹಚ್ಚುವುದಿಲ್ಲ. ಅದಕ್ಕೆ ಮನುಷ್ಯರೇ ಬೇಕು. ನಮ್ಮಲ್ಲಿ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಇದೆ. ಹೆಸರು ಎಷ್ಟು ಚೆನ್ನಾಗಿದೆ ನೋಡಿ, ಸಮಾಲೋಚನೆ! ಕೂಡಿ ಆಲೋಚಿಸುವುದು. ಆದರೆ ಅಂಕಿ ಅಂಶ ಕೊಡುವುದು, ನಮೂನೆ ತುಂಬುವುದು, ಸುತ್ತೋಲೆ ಓದುವುದು ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಕೆಲವು ತರಬೇತಿಗಳಲ್ಲಂತೂ ಒಬ್ಬರು ಗೋಡೆಯ ಮೇಲೆ ಚಿತ್ರ ತೋರಿಸುತ್ತಾರೆ, ಉಳಿದವರು ನೋಡುತ್ತಾರೆ. ಇಡೀ ದಿನದಲ್ಲಿ ಒಬ್ಬ ಶಿಕ್ಷಕರ ಬೆರಳಿಗೂ ನೀರು ತಾಗಿರುವುದಿಲ್ಲ. ಅಂಥ ದಿನಕ್ಕಾಗಿ ನಿಮ್ಮ ಪಾಠ ತಪ್ಪಿದರೆ ಅಜ್ಜ ಗೊಣಗಿದ್ದು ನ್ಯಾಯವೇ.

ಪಾಠ ತಪ್ಪುವುದು ಸಣ್ಣ ಮಾತಲ್ಲ. ಒಬ್ಬರೇ ವಿಜ್ಞಾನ ಶಿಕ್ಷಕರಿರುವ ಶಾಲೆಯಲ್ಲಿ ಅವರು ಐದು ದಿನ ಹೋದರೆ ಮೂರು ತರಗತಿಗಳಿಗೆ ಐದು ದಿನ ವಿಜ್ಞಾನವಿಲ್ಲ. ಆದ್ದರಿಂದ ದೊಡ್ಡ ತರಬೇತಿಗಳು ರಜೆಯಲ್ಲೇ ಇರಲಿ, ಆ ದಿನಗಳಿಗೆ ಶಿಕ್ಷಕರಿಗೆ ಬೇರೆ ರಜೆ ಕೊಡಲಿ. ತಿಂಗಳ ಸಭೆಯಲ್ಲಿ ಒಂದು ಗಂಟೆಯನ್ನು ಮಾತ್ರ ಯಾರೂ ಮುಟ್ಟದಂತೆ ಕಾಯ್ದಿಡಲಿ. ಆ ಗಂಟೆಯಲ್ಲಿ ಸುತ್ತೋಲೆ ಇಲ್ಲ, ನಮೂನೆ ಇಲ್ಲ. ಮಕ್ಕಳ ಪ್ರಶ್ನೆ ಮತ್ತು ಪ್ರಯೋಗ, ಅಷ್ಟೇ. ಸಭೆ ನಡೆಸುವ ಸಿಆರ್‌ಪಿಗಳಿಗೆ, ಮೇಲಿನ ಅಧಿಕಾರಿಗಳಿಗೆ ನಾನು ಹೇಳುತ್ತಾ ಬಂದಿರುವುದು ಇದನ್ನೇ. ಈ ಪುಟ ಅವರ ಕಣ್ಣಿಗೂ ಬೀಳಲಿ ಎಂದು ಇಲ್ಲಿಯೂ ಬರೆದಿದ್ದೇನೆ.

ನಿಮ್ಮಿಂದಲೂ ಎರಡು ಕೆಲಸ ಆಗಬೇಕು. ಪ್ರಶ್ನೆ ಕೇಳಿದಾಗ ಮೇಷ್ಟ್ರು 'ನನಗೆ ಗೊತ್ತಿಲ್ಲ, ವಿಚಾರಿಸಿ ಹೇಳ್ತೀನಿ' ಎಂದರೆ ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗಬೇಡಿ. ನೀವು ನಕ್ಕರೆ ಮುಂದಿನ ಸಲ ಅವರು 'ಗೊತ್ತಿಲ್ಲ' ಎನ್ನದೆ ಬಾಯಿಗೆ ಬಂದ ಉತ್ತರ ಹೇಳಿಬಿಡಬಹುದು. ನಷ್ಟ ನಿಮಗೇ.

ಇನ್ನೊಂದು, ತರಗತಿಗೆ ಒಂದು ಪ್ರಶ್ನೆ ಪುಸ್ತಕ ಇಡಿ. ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳನ್ನು ಹೊಲಿದರೂ ಸಾಕು. ಪಾಠದ ಕೊನೆಯ ಅಭ್ಯಾಸದ ಪ್ರಶ್ನೆಗಳು ಅದರಲ್ಲಿ ಬೇಡ. ಮಡಕೆಯ ನೀರು ತಣ್ಣಗಿರುತ್ತದೆ, ಸ್ಟೀಲ್ ಕೊಡದ ನೀರು ಏಕೆ ಅಷ್ಟು ತಣ್ಣಗಿರುವುದಿಲ್ಲ? ಹುಣಸೆಹಣ್ಣಿನಿಂದ ಉಜ್ಜಿದರೆ ತಾಮ್ರದ ಚೊಂಬು ಹೊಳೆಯುವುದೇಕೆ? ಕರೆಂಟ್ ತಂತಿಯ ಮೇಲೆ ಕೂತ ಕಾಗೆಗೆ ಏಕೆ ಏನೂ ಆಗುವುದಿಲ್ಲ? ಇಂಥವು, ನೀವೇ ಕಂಡದ್ದು. ಸಭೆಯ ಹಿಂದಿನ ದಿನ ಎಲ್ಲರೂ ಸೇರಿ ಮೂರು ಪ್ರಶ್ನೆ ಆರಿಸಿ, ಚೀಟಿಯಲ್ಲಿ ಬರೆದು, ಕೆಳಗೆ ತರಗತಿ ಮತ್ತು ಶಾಲೆಯ ಹೆಸರು ಹಾಕಿ ಮೇಷ್ಟ್ರ ಕೈಗೆ ಕೊಡಿ. ಮರುದಿನ ಅವರು ಬಂದಾಗ 'ಸಾರ್, ಸಭೆಯಲ್ಲಿ ನಮ್ಮ ಚೀಟಿ ಓದಿದ್ರಾ?' ಎಂದು ಕೇಳುವುದನ್ನು ಮರೆಯಬೇಡಿ.