ಹೇಳದೆಯೇ ನಡೆಯುವ ಕೆಲಸ

ಉಡುಪಿಗೆ ಸಮೀಪದ ಹೂಡೆಯಲ್ಲಿ ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಸುವರ್ಣಾ ನದಿ. ನಡುವೆ ತೆಂಗಿನ ತೋಟಗಳ ಮರಳುನೆಲ. ಈ ಕರಾವಳಿಯಲ್ಲಿ ಒಂದು ಕಾಲಕ್ಕೆ ರಂಪಣಿಯದೇ ರಾಜ್ಯ. ಅನೇಕರ ಬಲೆಯ ತುಂಡುಗಳನ್ನು ಒಂದುಗೂಡಿಸಿದ ಆ ಮಹಾಜಾಲದ ಒಂದು ತುದಿಯ ಹಗ್ಗ ದಡದಲ್ಲೇ ಉಳಿಯುತ್ತಿತ್ತು. ದೋಣಿಯು ಬಲೆ ಬಿಡುತ್ತ ಅರ್ಧಚಂದ್ರಾಕಾರವಾಗಿ ಸುತ್ತಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ಮುಟ್ಟಿಸುತ್ತಿತ್ತು. ಬಳಿಕ ಹತ್ತಾರು ಮಂದಿ ಎರಡು ಗುಂಪಾಗಿ ಎಳೆಯಬೇಕು. ತಾಂಡೇಲನ ಕಣ್ಣು ನೀರಿನ ಬಣ್ಣದ ಮೇಲೆ, ಮೀನಿನ ಹಿಂಡಿನ ಮೇಲೆ. ಹಗ್ಗ ಹಿಡಿಯುವವನಾರು, ಸುರುಳಿ ಸುತ್ತುವವನಾರು ಎಂದು ಆತ ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತ ನಿಂತಿದ್ದರೆ, ಅಷ್ಟರಲ್ಲಿ ಬೂತಾಯಿ ಬಂಗುಡೆಗಳು ಮಲ್ಪೆಯನ್ನೇ ದಾಟಿಬಿಡುತ್ತಿದ್ದವು!

ಇಂದು ಮಕ್ಕಳು, ಅವರು ಮಲಗಿದ ಮೇಲೆ ತಂದೆಯರೂ, ಗಣಕಯಂತ್ರದಲ್ಲಿ ಆಡುವ ವಸಾಹತು ಆಟಗಳಲ್ಲಿ ಎದುರಾಗುವುದು ಇದೇ ತೊಡಕು. 2018ರಲ್ಲಿ ಪೂರ್ಣರೂಪದಲ್ಲಿ ಹೊರಬಂದ ‘ರಿಮ್‌ವರ್ಲ್ಡ್’ ಆಟವನ್ನೇ ನೋಡಬಹುದು. ಅಪರಿಚಿತ ಗ್ರಹದಲ್ಲಿ ಬಿದ್ದ ಮೂವರಿಂದ ಸಂಸಾರ ಆರಂಭ. “ನೀನು ಮರ ಕಡಿ, ನೀನು ಅಡಿಗೆ ಮಾಡು” ಎಂದು ಆಟಗಾರನು ಕ್ಷಣಕ್ಷಣಕ್ಕೂ ಅಪ್ಪಣೆ ಕೊಡುತ್ತಾನೆ. ಮೂವರು ಹನ್ನೆರಡಾದಾಗ ಆಟವೇ ಗುಮಾಸ್ತಗಿರಿಯಾಗುತ್ತದೆ.

ಪರಿಹಾರ ಒಂದು ಪಟ್ಟಿಯಲ್ಲಿದೆ. ಅಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಪ್ರತಿ ಕೆಲಸಕ್ಕೂ 1ರಿಂದ 4ರ ತನಕ ಅಂಕೆ ಕೊಡಬಹುದು. 1 ಎಂದರೆ ಮೊದಲು. ಅಂಕೆ ಸಮನಾದರೆ ಎಡಗಡೆಯ ಕೆಲಸಕ್ಕೆ ಪ್ರಾಶಸ್ತ್ಯ. ಬೆಂಕಿ ನಂದಿಸುವುದು ಎಲ್ಲಕ್ಕಿಂತ ಎಡಕ್ಕಿರುವುದು ಸುಮ್ಮನೆ ಅಲ್ಲ. ಹೊಸಬರು ಆತುರದಿಂದ ಎಲ್ಲಕ್ಕೂ 1 ಹಾಕಿ ಮೋಸಹೋಗುತ್ತಾರೆ. ಸಾಗಾಟದ ಕೆಲಸ ಬಲಬದಿಯಲ್ಲಿರುವುದರಿಂದ ಅದರ ಸರದಿಯೇ ಬಾರದು. ಕೊಯ್ದ ಪೈರು ಬಯಲಲ್ಲೇ ಕೊಳೆಯುತ್ತದೆ. ಕೈ ಪಳಗಿದ ಒಬ್ಬನಿಗೆ ಅಡಿಗೆಯಲ್ಲಿ 1, ಬೇರೇನೂ ಬಾರದ ಇಬ್ಬರಿಗೆ ಸಾಗಾಟದಲ್ಲಿ 1 ಕೊಟ್ಟರೆ ಅರ್ಧ ಗೋಳು ತೀರಿತು. ವೈದ್ಯವನ್ನು ಮಾತ್ರ ಇಬ್ಬರಿಗೆ ವಹಿಸಬೇಕು; ವೈದ್ಯನೇ ಗಾಯಗೊಂಡರೆ ಗತಿಯೇನು?

ಇನ್ನೊಂದು ಉಪಾಯವು ಗೃಹಿಣಿಯರಿಗೆ ಹೊಸದಲ್ಲ. “ಹತ್ತು ಊಟ ಬೇಯಿಸು” ಎನ್ನುವುದಕ್ಕಿಂತ “ಉಗ್ರಾಣದಲ್ಲಿ ಹತ್ತು ಊಟವಿರುವಂತೆ ನೋಡಿಕೋ” ಎಂದು ಗೊತ್ತುಮಾಡುವುದು ಮೇಲು. ಒಂಬತ್ತಾದಾಗ ಅಡಿಗೆಯವನು ತಾನಾಗಿಯೇ ಒಲೆ ಹಚ್ಚುತ್ತಾನೆ.

2006ರಲ್ಲಿ ಹೊರಬಂದ ‘ಡ್ವಾರ್ಫ್ ಫೋರ್ಟ್ರೆಸ್’ನಲ್ಲಿ ಕುಬ್ಜರಿಗೆ ಒಬ್ಬೊಬ್ಬರಾಗಿ ಕೆಲಸ ಗುರುತುಹಾಕುವುದು ಎಷ್ಟು ಬೇಸರ ತರಿಸಿತೆಂದರೆ, ಅದಕ್ಕೆಂದೇ ‘ಡ್ವಾರ್ಫ್ ಥೆರಪಿಸ್ಟ್’ ಎಂಬ ಬೇರೊಂದು ತಂತ್ರಾಂಶವನ್ನು ಅಭಿಮಾನಿಗಳು ಬಳಸತೊಡಗಿದರು. 2022ರ ಹೊಸ ಆವೃತ್ತಿಯಲ್ಲಿ ಹೆಚ್ಚಿನ ಕೆಲಸಗಳು ಎಲ್ಲರಿಗೂ ತೆರೆದಿವೆ. ಗಣಿ, ಮರಕಡಿತದಂಥ ಕೆಲವಕ್ಕಷ್ಟೇ ಆಯ್ದ ಮಂದಿ.

ಆದರೂ ಪರದೆಯ ಕುಬ್ಜನಿಗೂ ರಂಪಣಿಯವನಿಗೂ ಒಂದು ಅಂತರವಿದೆ. ರಂಪಣಿಯವನಿಗೆ ಮೀನಿನಲ್ಲಿ ಪಾಲಿತ್ತು. ಯಾವ ಹೊತ್ತಿಗೆ ಯಾವ ಕೆಲಸ ಮುಖ್ಯವೆಂಬುದನ್ನು ಅವನಿಗೆ ಅಂಕೆ ಹಾಕಿ ತೋರಿಸಬೇಕಿರಲಿಲ್ಲ. 1970ರ ದಶಕದ ನಡುವೆ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದ ಮೇಲೆ ಆ ಮಹಾಜಾಲ ಮೂಲೆ ಸೇರಿತು. ಅದರ ಕಿರಿಯ ತಮ್ಮನಾದ ಕೈರಂಪಣಿಯನ್ನು ಉಡುಪಿಯ ತೀರದಲ್ಲಿ ಇಂದಿಗೂ ಎಳೆಯುವುದುಂಟು.